ಮರ್ಯಾದೆಗೆ ಸೇರಿಸಿದ ಹೆಸರು

ಹೋದ ವಾರ ನನ್ನ ಹಳೆಯ ಸಾಹೇಬರು ತೀರಿಕೊಂಡ ಸುದ್ದಿ ಆಫೀಸಿನ ಆ್ಯಪ್‌ನಲ್ಲಿ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಕುಷ್ಟಗಿ ಗೋದಾಮಿನವರೊಬ್ಬರು ರೂಢಿಬಲದಿಂದ ಒಪ್ಪಿಗೆಯ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿ, ಆಮೇಲೆ ನಾಚಿ ತೆಗೆದರು. ನನಗೆ ನಗು ಬಂತು, ಬೆನ್ನಿಗೇ ಅಳುವೂ ಬಂತು. ಅವರಿದ್ದಿದ್ದರೆ, "ನೋಡವಾ, ಸತ್ತದ್ದಕ್ಕೂ ಒಪ್ಪಿಗಿ ಸಿಕ್ತು ನನಗ," ಅನ್ನುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಎಲ್ಲೆಂದರಲ್ಲಿ ತಮ್ಮ ಹೆಸರು ತುರುಕುವವರ ಜೊತೆ ಜಗಳವಾಡುವುದರಲ್ಲೇ ಅವರ ನೌಕರಿಯ ಕೊನೆಯ ವರ್ಷಗಳು ಕಳೆದವು.

ನಮ್ಮದು ಕೊಪ್ಪಳದ ಒಂದು ಬೀಜದ ಕಂಪನಿ. ಬೀಜ ಹಸನು ಮಾಡಿ, ಔಷಧ ಹಚ್ಚಿ, ಚೀಲ ತುಂಬುವ ಘಟಕ ಯಲಬುರ್ಗಾದಲ್ಲಿದೆ. ಗೋದಾಮು ಕುಷ್ಟಗಿಯಲ್ಲಿ. ಕಂಪನಿ ಹುಟ್ಟಿದ ಹಳೆಯ ಆಫೀಸು ಗಂಗಾವತಿಯಲ್ಲಿ. ಮೊದಲು ಒಂದು ಸ್ವಿಚ್ ಬದಲಾಯಿಸಬೇಕೆಂದರೂ ಕಾಗದ ಹಿಡಿದು ಈ ಊರಿಂದ ಆ ಊರಿಗೆ ಬಸ್ಸು ಹತ್ತಬೇಕಿತ್ತು. ಆಮೇಲೆ ಮಾಲಕರು ಎಲ್ಲವನ್ನೂ ಮೊಬೈಲಿಗೆ ತಂದರು. ಏನು ಬೇಕಾದರೂ ಆ್ಯಪ್‌ನಲ್ಲಿ ಕೇಳಬೇಕು. ಕೇಳಿದ್ದು ಒಬ್ಬರಾದ ಮೇಲೆ ಒಬ್ಬರ ಮೊಬೈಲಿಗೆ ಹೋಗುತ್ತದೆ. ಎಲ್ಲರೂ ಒಪ್ಪಿಗೆ ಒತ್ತಿದರೆ ಕೆಲಸವಾಗುತ್ತದೆ. ಯಾವುದು ಮೊದಲು ಯಾರಿಗೆ ಹೋಗಬೇಕು, ಅವರಾದ ಮೇಲೆ ಯಾರಿಗೆ, ಎಲ್ಲಿ ಕವಲೊಡೆಯಬೇಕು ಎಂದು ಹೆಣೆಯುವ ಕೆಲಸ ಅವರದು. ಉಗ್ರಾಣ ನೋಡಿಕೊಂಡಿದ್ದವರನ್ನು, ಎಲ್ಲ ಊರಿನ ಎಲ್ಲರೂ ಗೊತ್ತು ಎಂಬ ಒಂದೇ ಕಾರಣಕ್ಕೆ ಆ ಕುರ್ಚಿಗೆ ತಂದು ಕೂರಿಸಿದ್ದರು. ಕಂಪ್ಯೂಟರ್ ಕಲಿತವಳು ಅಂತ ನನ್ನನ್ನು ಅವರ ಕೈಕೆಳಗೆ ಹಾಕಿದರು. ವಿಭಾಗ ಎಂದರೆ ನಾವಿಬ್ಬರೇ.

ತೆಳ್ಳಗಿನ ಆಳು. ಇರಕಲ್ಲಗಡದವರು. ದಿನವೂ ಅಲ್ಲಿಂದಲೇ ಬಸ್ಸಿಗೆ ಬರುತ್ತಿದ್ದರು. ಬಂದವರೇ ಕುರ್ಚಿಯಲ್ಲಿ ಕೂತು, "ಸಾಕಾಗೈತವಾ," ಅನ್ನುತ್ತಿದ್ದರು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಸಾಕಾಗಿರುತ್ತಿತ್ತು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ವರ್ಷ ಕಳೆದಂತೆ ಅದು ಬೇಸರದ ಮಾತಲ್ಲ, ನಮಸ್ಕಾರದ ಹಾಗೆ ಒಂದು ಮಾತು ಅನ್ನಿಸಿತು. ಈಗ ಅವರ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನನ್ನ ಬಾಯಲ್ಲೂ ಅದೇ ಬರುತ್ತದೆ, ಮತ್ತು ನನಗೆ ಖರೆ ಖರೆ ಸಾಕಾಗಿರುತ್ತದೆ.

ಕಂಪ್ಯೂಟರಿನ ಮೇಲೆ ನಾನು ಚೌಕ, ಗೆರೆ, ಬಾಣ ಎಳೆದು ತೋರಿಸಿದರೆ ಅವರು ನೋಡುತ್ತಲೇ ಇರಲಿಲ್ಲ. ಟೇಬಲ್ಲಿನ ಮೇಲೆ ಶೇಂಗಾ ಸುರಿದುಕೊಳ್ಳುತ್ತಿದ್ದರು. ಒಂದು ಕಾಳು ಯಲಬುರ್ಗಾದ ಇನ್‌ಚಾರ್ಜು, ಇನ್ನೊಂದು ಕಾಳು ಇಂಜಿನಿಯರು, ಮತ್ತೊಂದು ಅಕೌಂಟ್ಸು. ಸಾಲಾಗಿ ಇಟ್ಟು, ಗಲ್ಲದ ಮೇಲೆ ಕೈಯಿಟ್ಟು ನೋಡುತ್ತ ಕೂಡುತ್ತಿದ್ದರು. ಯಾವ ಹಂತ ಬೇಡವೆನ್ನಿಸಿತೋ ಆ ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಮ್ಯಾನೇಜರನ್ನ ತಿಂದೆ ನೋಡವಾ," ಅನ್ನುವರು. ಯಾರ್‍ಯಾರನ್ನು ತಿಂದರೆಂದು ನಾನು ಕಂಪ್ಯೂಟರಿನಲ್ಲಿ ಅಳಿಸಿಕೊಳ್ಳುತ್ತಿದ್ದೆ. ಒಂದು ದಿನ ಮಾತಿನ ಭರದಲ್ಲಿ ನಾನೂ ಒಂದು ಕಾಳು ತಿಂದುಬಿಟ್ಟೆ. "ಏ, ಏ! ಅಕೌಂಟ್ಸಿನಾವ್ರು ಅವರು! ಪಗಾರ ಯಾರ ಕೊಡಬೇಕು?" ಎಂದು ಗಾಬರಿಯಾಗಿ ಇನ್ನೊಂದು ಕಾಳು ತಂದಿಟ್ಟರು.

ಯಾರನ್ನು ತಿನ್ನಬೇಕು, ಯಾರನ್ನು ಬಿಡಬೇಕು ಎನ್ನುವುದಕ್ಕೆ ಅವರ ಬಳಿ ಒಂದೇ ಪ್ರಶ್ನೆ ಇತ್ತು. ಆಯಾ ಮನುಷ್ಯನ ಎದುರು ಹೋಗಿ ಕೂತು, ಚಹಾ ಕುಡಿದು, ಮಕ್ಕಳು ಮರಿ ವಿಚಾರಿಸಿ, ಏಳುವಾಗ ಕೇಳುತ್ತಿದ್ದರು: "ಇದಕ್ಕ ನೀವು ಎಂದಾದ್ರೂ ಬ್ಯಾಡ ಅಂದೀರೇನ್ರಿ?"

"ಬ್ಯಾಡ ಯಾಕ ಅನ್ಲಿ? ಕೆಳಗಿನಾವ್ರು ನೋಡೇ ಕಳಿಸಿರ್ತಾರಲ್ಲ."

"ಹಂಗಾರ ನಿಮ್ಮ ಹೆಸರು ತಗದ್ರ ಏನೂ ಕೆಡೂದಿಲ್ಲಲ್ರಿ?"

ಅಲ್ಲಿಗೆ ಯುದ್ಧ ಶುರುವಾಗುತ್ತಿತ್ತು. ನಮ್ಮ ಕಡೆಯ ಮದುವೆ ಕಾರ್ಡು ಹೇಗಿರುತ್ತದೆಂದು ಗೊತ್ತಲ್ಲ. ಮದುವೆ ಯಾರದೆಂದು ಹುಡುಕಬೇಕು. ಕೆಳಗೆ ಸುಖಾಗಮನ ಬಯಸುವವರ ಹೆಸರುಗಳು ಮಾತ್ರ ಇರುವೆಯ ಸಾಲಿನಂತೆ ತುಂಬಿರುತ್ತವೆ. ದೊಡ್ಡಪ್ಪನ ಹೆಸರು ಬಿಟ್ಟರೆ ದೊಡ್ಡಪ್ಪ ಮದುವೆಗೆ ಬರುವುದಿಲ್ಲ, ಬಂದರೂ ಉಣ್ಣುವುದಿಲ್ಲ. ನಮ್ಮ ಕಂಪನಿಯ ಒಪ್ಪಿಗೆಗಳೂ ಹಾಗೇ ಆಗಿದ್ದವು. ಕುಷ್ಟಗಿ ಗೋದಾಮಿನ ಮ್ಯಾನೇಜರರ ಹೆಸರನ್ನು ಒಂದು ಸಣ್ಣ ಕೆಲಸದಿಂದ ತೆಗೆದದ್ದಕ್ಕೆ ಅವರು ಕೊಪ್ಪಳದವರೆಗೆ ಬಂದು, ಬಾಗಿಲಲ್ಲೇ ನಿಂತು, "ನಾ ಸತ್ತೀನೇನ್ರಿ?" ಎಂದು ಕೇಳಿದ್ದರು. ಇವರು ಎದ್ದು ಹೋಗಿ ಅವರ ಹೆಗಲ ಮೇಲೆ ಕೈ ಹಾಕಿ ಹೋಟೆಲಿಗೆ ಕರೆದುಕೊಂಡು ಹೋದರು. ಮಂಡಕ್ಕಿ ಮಿರ್ಚಿ ತಿನ್ನಿಸಿ ಕಳಿಸಿದರು. ಹೆಸರನ್ನು ಮಾತ್ರ ವಾಪಸು ಸೇರಿಸಲಿಲ್ಲ.

"ಸರ, ಹಾಕಿಬಿಟ್ಟಿದ್ರ ಮುಗೀತಿತ್ತಲ್ರಿ," ಎಂದೆ.

"ಹೆಸರು ಹಾಕೂದು ಹಗುರೈತವಾ. ಆ ಹೆಸರಿನ ಮುಂದ ಒಬ್ಬಾಂವ ಕಾಯ್ಕೊಂತ ಕುಂತಿರ್ತಾನ, ಅದು ಯಾರಿಗೂ ಕಾಣೂದಿಲ್ಲ."

ಕೆಲಸ ಹೆಣೆಯುವ ಮೊದಲು ಆ ಊರಿಗೆ ಹೋಗಿ ಒಂದು ದಿನವಾದರೂ ಸುಮ್ಮನೆ ಕೂಡುವುದು ಅವರ ಪದ್ಧತಿ. ಹೋಗುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚುತ್ತಿದ್ದರು, ನಿದ್ದೆ ಮಾಡುತ್ತಿರಲಿಲ್ಲ. ನಾನು ಲ್ಯಾಪ್‌ಟಾಪ್ ಹೊತ್ತು ಹಿಂದೆ ಹೋಗುತ್ತಿದ್ದೆ. "ಯಾರು ಯಾರಿಗೆ ಚಹಾ ತರಸ್ತಾರ ನೋಡ್ಕೋ," ಅನ್ನುತ್ತಿದ್ದರು. "ಗ್ವಾಡಿ ಮ್ಯಾಲೆ ಬರದ ಹಾದಿ ಬ್ಯಾರೆ, ಮಂದಿ ನಡಿಯೂ ಹಾದಿ ಬ್ಯಾರೆ." ಗೋಡೆಗೆ ಅಂಟಿಸಿದ ಪಟ್ಟಿಯ ಹಾದಿಯಲ್ಲಿ ದೊಡ್ಡ ಹುದ್ದೆಯವರಿದ್ದರು. ಚಹಾ ಮಾತ್ರ ಕೀಲಿ ಇಟ್ಟುಕೊಂಡವನಿಗೆ ಹೋಗುತ್ತಿತ್ತು. ಇವರು ಮಾತಾಡದೆ ಅದನ್ನೆಲ್ಲ ನೋಡಿಕೊಂಡು ಬಂದು ಮರುದಿನ ಶೇಂಗಾ ಸುರಿಯುತ್ತಿದ್ದರು.

ಇಷ್ಟು ಗಟ್ಟಿ ಮನುಷ್ಯ ಒಂದೇ ಒಂದು ಸಲ ಬಾಗಿದರು. ಅದನ್ನು ಹೇಳದೆ ಅವರ ಬಗ್ಗೆ ಬರೆದರೆ ಹಾರ ಹಾಕಿದ ಫೋಟೋ ಆಗುತ್ತದೆ.

ನಮ್ಮ ಮಾಲಕರ ಕಾಕಾ ಗಂಗಾವತಿಯಲ್ಲಿದ್ದಾರೆ. ಕಂಪನಿ ಶುರು ಮಾಡಿದವರು ಅವರೇ. ಈಗ ಎಂಬತ್ತರ ಹತ್ತಿರ. ವ್ಯವಹಾರವನ್ನು ಅಣ್ಣನ ಮಗನ ಕೈಗೆ ಬಿಟ್ಟು ಆರಾಮವಾಗಿದ್ದಾರೆ. ಘಟಕಗಳಿಗೆ ಹೊಸ ಯಂತ್ರ, ಕರೆಂಟಿನ ಸಾಮಾನು ಏನು ಬೇಕಾದರೂ ಹಿಂದಿನ ಕಾಲದಲ್ಲಿ ಅವರ ಕಿವಿಗೆ ಹಾಕಿಯೇ ತರುತ್ತಿದ್ದರಂತೆ. ಆ ಕೆಲಸದ ಹಂತಗಳನ್ನು ಹೆಣೆಯುವಾಗ ಇವರು ಕಾಕಾರ ಕಾಳನ್ನೂ ತಿಂದರು. ಮರುದಿನ ಮಾಲಕರು ತಾವೇ ನಮ್ಮ ಕೋಣೆಗೆ ಬಂದರು.

"ಕಾಕಾರ ಹೆಸರು ಇರ್ಲಿ ಬಿಡ್ರಿ. ಮರ್ಯಾದಿಗೆ ಒಂದು."

"ಅವರು ಮೊಬೈಲ್ ಮುಟ್ಟೂದಿಲ್ರಿ."

"ಮುಟ್ಟತಾರ, ಮುಟ್ಟತಾರ. ನಿಮ್ಮ ಹೆಸರು ತಗದಾರ ಅಂತ ನಾಳೆ ಯಾರಾದ್ರೂ ಹೇಳಿದ್ರ ಅವರಿಗೆ ಬ್ಯಾಸರ ಆಗತೈತಿ. ನನಗ ಮಾರಿ ಎತ್ತಾಕ ಆಗೂದಿಲ್ಲ."

ಇವರು ಅವತ್ತು ಒಪ್ಪಲಿಲ್ಲ. ಮುಂದಿನ ಮೀಟಿಂಗಿನಲ್ಲೂ ಒಪ್ಪಲಿಲ್ಲ. ಆ ದಿನಗಳಲ್ಲಿ ಅವರ ಹೆಂಡತಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿತ್ತು. ಅಲ್ಲಿಂದ ನೇರ ಆಫೀಸಿಗೆ ಬರುತ್ತಿದ್ದರು, ಆಫೀಸಿನಿಂದ ನೇರ ಅಲ್ಲಿಗೆ. ಮಾಲಕರು ಮತ್ತೊಮ್ಮೆ ಕೇಳಿದಾಗ ಅವರು ಟೇಬಲ್ಲಿನ ಮೇಲಿನ ಸಾಲಿಗೆ ಒಂದು ಶೇಂಗಾ ಕಾಳು ತಂದಿಟ್ಟರು. ಆಮೇಲೆ, "ಹೂಂ, ಇರ್ಲಿ ಬಿಡ್ರಿ," ಅಂದರು. ಮಾಲಕರಿಗೆ ಸಂತೋಷವಾಯಿತು. ಬಾಗಿಲವರೆಗೆ ಹೋಗಿ ತಿರುಗಿ ಬಂದು ಇನ್ನೂ ಒಂದು ಕೇಳಿದರು. ಆ್ಯಪ್‌ನಲ್ಲಿ ಯಾರಾದರೂ ಎರಡು ದಿನ ಉತ್ತರ ಕೊಡದಿದ್ದರೆ ಅವರ ಮೊಬೈಲಿಗೆ ನೆನಪಿನ ಸಂದೇಶ ಹೋಗುತ್ತಿತ್ತು, ಮತ್ತೂ ಕೊಡದಿದ್ದರೆ ದಿನವೂ ಹೋಗುತ್ತಿತ್ತು.

"ಅದೊಂದು ಕಾಕಾರಿಗೆ ಹೋಗೂದು ಬ್ಯಾಡ್ರಿ. ದೊಡ್ಡಾವ್ರಿಗೆ ದಿನಾ ಟಣ್ ಟಣ್ ಅಂತ ಬಾರಿಸಿದ್ರ ಹ್ಯಾಂಗ ಕಾಣತೈತಿ?"

ಇವರು ನನ್ನ ಕಡೆ ನೋಡಿ, "ತಗದಬಿಡವಾ ಅದನ್ನ," ಅಂದರು. ನಾವು ಯಾರೂ ಅದನ್ನು ವಿಚಿತ್ರವೆಂದು ಅಂದುಕೊಳ್ಳಲಿಲ್ಲ. ಹಿರಿಯರಿಗೆ ಒಂದು ಮಾತನ್ನು ಎರಡು ಸಲ ಹೇಳುವುದುಂಟೆ? ನಮ್ಮ ಮನೆಗಳಲ್ಲಿ ಅಜ್ಜನಿಗೆ ಔಷಧ ತಗೊಂಡಿರೇನು ಎಂದು ಕೇಳುವುದಕ್ಕೂ ಸುತ್ತು ಬಳಸುತ್ತೇವೆ.

ಯಲಬುರ್ಗಾ ಘಟಕದಲ್ಲಿ ಖಾಜಾಬಿ ಎಂಬ ಹೆಣ್ಣುಮಗಳು ಕೆಲಸ ಮಾಡುತ್ತಿದ್ದಳು. ತಳಕಲ್‌ನವಳು, ನಲವತ್ತೈದು ದಾಟಿದವಳು. ಬೀಜಕ್ಕೆ ಕೆಂಪು ಔಷಧ ಬೆರೆಸುವ ಕೋಣೆ ಅವಳದು. ಒಳಗೆ ಹೋದರೆ ಪುಡಿ ಕಣ್ಣಿಗೆ, ಮೂಗಿಗೆ ಏರುತ್ತದೆ. ಒಂದು ಕಿಟಕಿ ಇದೆ, ಅದೂ ಚೀಲಗಳ ಹಿಂದೆ. ನಾವು ಒಮ್ಮೆ ಅಲ್ಲಿ ಹೋಗಿ ಕೂತಿದ್ದಾಗ ಅವಳು ಬಾಯಿಗೆ ಕಟ್ಟಿಕೊಂಡಿದ್ದ ಬಟ್ಟೆ ಇಳಿಸಿ ಇವರ ಹತ್ತಿರ ಬಂದಳು.

"ಸಾಹೇಬ್ರ, ಒಳಗ ಗಾಳಿ ಇಲ್ರಿ. ಕೆಮ್ಮು ಹತ್ತಿ ಬಿಡವಲ್ತು. ಒಂದು ಫ್ಯಾನ್ ಹಾಕಸ್ರಿ."

ಅವರು ಕೋಣೆಯೊಳಗೆ ಹೋಗಿ ನಿಂತರು. ಹೊರಗೆ ಬಂದಾಗ ಅವರಿಗೂ ಕೆಮ್ಮು. ಅಲ್ಲೇ ನಿಂತು ಇನ್‌ಚಾರ್ಜರಿಂದ ಆ್ಯಪ್‌ನಲ್ಲಿ ಕೇಳಿಸಿದರು: ಔಷಧದ ಕೋಣೆಗೆ ಗಾಳಿ ಹೊರಗೆಳೆಯುವ ಎಕ್ಸಾಸ್ಟ್ ಫ್ಯಾನು. ಹೊಸ ಹಾದಿಯಲ್ಲಿ ಹೊರಟ ಮೊದಲ ಕೇಳಿಕೆ ಅದು. ನಾವು ಕೊಪ್ಪಳ ಮುಟ್ಟುವುದರೊಳಗೆ ಇಂಜಿನಿಯರು ಒಪ್ಪಿದ್ದರು, ಸಂಜೆಯ ಹೊತ್ತಿಗೆ ಅಕೌಂಟ್ಸೂ ಒಪ್ಪಿತು. ಅವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಅದೇ ಮೊದಲು ನೋಡಿದ್ದು. "ಹಿಂಗ ಹರೀಬೇಕು ನೋಡು, ಕಾಲುವಿ ನೀರು ಹರಿದಂಗ," ಅಂದರು. ಬಾಕಿ ಉಳಿದದ್ದು ಒಂದೇ ಹೆಸರು.

ಆಮೇಲೆ ಹಂಗಾಮು ಶುರುವಾಯಿತು. ಬೀಜದ ಕಂಪನಿಯಲ್ಲಿ ಬೇಸಿಗೆ ಎಂದರೆ ಯಾರಿಗೂ ಮೈಮೇಲೆ ಎಚ್ಚರವಿರುವುದಿಲ್ಲ. ಅದರ ನಡುವೆಯೇ ಅವರ ಹೆಂಡತಿ ತೀರಿಕೊಂಡರು. ಕಾರ್ಯ ಮುಗಿಸಿ ಬಂದವರು ಒಂದು ದಿನವೂ ರಜೆ ಹಾಕಲಿಲ್ಲ. ಯಲಬುರ್ಗಾಕ್ಕೂ ನಾವು ಹಲವು ಸಲ ಹೋದೆವು. ಖಾಜಾಬಿ ದೂರದಿಂದಲೇ ಕೈಯೆತ್ತಿ ಸಲಾಂ ಮಾಡುತ್ತಿದ್ದಳು, ಬಟ್ಟೆಯ ಹಿಂದೆ ನಗುತ್ತಿದ್ದಳು. ಇವರೂ ಕೈಯೆತ್ತುತ್ತಿದ್ದರು. ಇನ್‌ಚಾರ್ಜು ನಮ್ಮನ್ನು ಆಫೀಸಿಗೆ ಕರೆದು ಕೂರಿಸುತ್ತಿದ್ದರು. ಫ್ಯಾನಿನ ಮಾತು ಏಳಲಿಲ್ಲ. ಅವಳು ಏನೂ ಅನ್ನಲಿಲ್ಲವೆಂದರೆ ಫ್ಯಾನು ತಿರುಗುತ್ತಿದೆ ಎಂದೇ ನಾವು ತಿಳಿದೆವು. ಕಂಪ್ಯೂಟರ್ ಕೂಡ ಯಾರನ್ನೂ ಎಬ್ಬಿಸಲಿಲ್ಲ. ಎಬ್ಬಿಸಬೇಡ ಎಂದು ಅದಕ್ಕೆ ಹೇಳಿದ್ದೆವಲ್ಲ.

ಮೊದಲ ಮಳೆ ಬಿದ್ದು ಚೀಲಗಳೆಲ್ಲ ಹೋದ ಮೇಲೆ, ಯಾವುದೋ ಬೇರೆ ವಿಷಯಕ್ಕೆ ಇನ್‌ಚಾರ್ಜು ಫೋನ್ ಮಾಡಿದ್ದರು. ಮಾತಿನ ನಡುವೆ ಸಹಜವಾಗಿ ಹೇಳಿದರು:

"ಖಾಜಾಬಿ ಕೆಲಸ ಬಿಟ್ಲರಿ ಸರ. ಉಸರಾಟದ್ದು ಭಾಳ ತ್ರಾಸ ಆಗೈತಂತ. ಇನ್ನ ಧೂಳಿನಾಗ ಹೋಗಬಾರ್ದು ಅಂತ ಡಾಕ್ಟರ್ ಹೇಳ್ಯಾರಂತ."

"ಫ್ಯಾನ್ ಹಾಕಿದ್ರಿಲ್ಲ?"

"ಎಲ್ಲಿ ಫ್ಯಾನ್ರಿ? ಬರಲೇ ಇಲ್ಲಲ್ಲ."

ಅವರು ಫೋನ್ ಕೆಳಗಿಟ್ಟು, "ತಗಿ," ಅಂದರು. ನಾನು ತೆಗೆದೆ. ಕೇಳಿಕೆ ಅಲ್ಲೇ ಇತ್ತು. ಎಲ್ಲರ ಹೆಸರಿನ ಮುಂದೆ ಹಸಿರು, ಕಾಕಾರ ಹೆಸರಿನ ಮುಂದೆ ಹಳದಿ. ಮೇಲ್ಗಡೆ 'ಪ್ರಗತಿಯಲ್ಲಿದೆ' ಎಂದಿತ್ತು. ಅವರು ಎದ್ದು ನಿಂತು ಅದನ್ನು ಓದಿದರು, ಕೂತು ಓದಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳುವ ಧೈರ್ಯವಾಗದೆ ನಾನೂ ಹಿಂದೆ ಹೊರಟೆ.

ಗಂಗಾವತಿಯಲ್ಲಿ ಕಾಕಾ ತೂಗುಮಂಚದ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಮ್ಮನ್ನು ನೋಡಿ ಖುಷಿಪಟ್ಟರು. ಮೊಬೈಲು ಎಲ್ಲಿದೆ ಎಂದರೆ ಅವರಿಗೇ ಗೊತ್ತಿರಲಿಲ್ಲ. ಸೊಸೆ ಹುಡುಕಿ, ಚಾರ್ಜು ಹಾಕಿ, ತಂದುಕೊಟ್ಟಳು. ಇವರು ನಿಂತುಕೊಂಡೇ ವಿಷಯ ಹೇಳಿದರು. ಕಾಕಾ ತೂಗುವುದನ್ನು ನಿಲ್ಲಿಸಿದರು.

"ಒಂದು ಫ್ಯಾನಿಗೆ ನಾ ಬ್ಯಾಡ ಅಂತಿದ್ನೇನು? ಒಂದು ಮಾತು ಹೇಳಿದ್ರ ಅವತ್ತೇ ಹೂಂ ಅಂತಿದ್ದೆ. ಇಷ್ಟು ದಿನ ಯಾಕ ಬಾಯಿ ಮುಚ್ಕೊಂಡು ಕುಂತ್ರಿ ಎಲ್ಲಾರೂ?"

"ನಿಮ್ಮ ಮರ್ಯಾದಿಗ್ರಿ."

"ನಾ ಕೇಳಿದ್ನೇನ್ರೀ ಆ ಮರ್ಯಾದಿ? ನನ್ನ ಹೆಸರು ಮುಂದ ಮಾಡಿ ಒಂದು ಹೆಣ್ಣುಮಗಳ ಎದಿ ಸುಟ್ರಲ್ಲ!" ಮುದುಕರು ಮೊಬೈಲನ್ನು ನನ್ನ ಕಡೆ ಹಿಡಿದರು. ಎಲ್ಲಿ ಒತ್ತಬೇಕೆಂದು ನಾನು ತೋರಿಸಿದೆ, ಒತ್ತಿದರು. "ಈಗ ನನ್ನ ಹೆಸರು ತಗೀರಿ. ಎಲ್ಲಾದ್ರಾಗಿಂದೂ ತಗೀರಿ," ಅಂದರು.

ಫ್ಯಾನು ಅದೇ ವಾರ ಬಂತು. ಖಾಜಾಬಿಯ ಆಸ್ಪತ್ರೆಯ ಖರ್ಚು ಕಂಪನಿಯೇ ನೋಡಿಕೊಳ್ಳುತ್ತದೆಂದು ಮಾಲಕರು ಹೇಳಿದರು. ಮೀಟಿಂಗಿನಲ್ಲಿ ಇವರು ಎದ್ದು, "ಆ ಹೆಸರು ಹಾಕ್ದಾಂವ ನಾನರಿ. ದಣಿದಿದ್ದೆ, ಹೂಂ ಅಂದೆ," ಎಂದರು. ಎಲ್ಲರೂ ಒಟ್ಟಿಗೆ, ಅಯ್ಯ ಬಿಡ್ರಿ ಸರ, ನಿಮ್ಮದೇನು ತಪ್ಪು, ನಿಮ್ಮ ಮನೆಯ ಪರಿಸ್ಥಿತಿ ಹಾಗಿತ್ತು ಎಂದು ಸಮಾಧಾನ ಹೇಳಿದರು. ಕುಷ್ಟಗಿಯ ಮ್ಯಾನೇಜರರು ಬಂದು ಬೆನ್ನು ತಟ್ಟಿದರು. ಅಷ್ಟು ಪ್ರೀತಿ ಅವರಿಗೆ ಆ ಕಂಪನಿಯಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಅವರು ಯಾರ ಮುಖವನ್ನೂ ನೋಡಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೆ ಅವರ ಟೇಬಲ್ಲಿನ ಮೇಲೆ ಶೇಂಗಾ ಕಾಣಲಿಲ್ಲ. ಕೆಲಸ ಬಿಟ್ಟಿರಲಿಲ್ಲ, ಕಂಪ್ಯೂಟರಿನ ಮೇಲಿನ ನನ್ನ ಚೌಕಗಳನ್ನೇ ನೋಡಿ ಹೂಂ ಅನ್ನುತ್ತಿದ್ದರು. ನನಗೆ ಅದು ಸಹಿಸಲಾಗುತ್ತಿರಲಿಲ್ಲ.

ಅವರೊಡನೆ ನಾನು ಕೊನೆಯ ಸಲ ಬಸ್ಸು ಹತ್ತಿದ್ದು ತಳಕಲ್‌ಗೆ. ಖಾಜಾಬಿಯ ಮುಂದೆ ಕೂತು ತಪ್ಪು ನನ್ನದು ಎಂದು ಹೇಳಿ ಬರಬೇಕು, ನೀನು ಜೊತೆಗಿರು ಎಂದಿದ್ದರು. ಅವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎದ್ದೇಳಲು ಹೋದವಳನ್ನು ಇವರು ತಡೆದು, ಕೆಳಗೇ ಅವಳೆದುರು ಕೂತರು. ಅವಳ ಸೊಸೆ ಚಹಾ ತಂದಿಟ್ಟಳು.

ಅವರು ಎಲ್ಲವನ್ನೂ ಹೇಳಿದರು. ಹೆಸರು, ಹಂತ, ಮೊಬೈಲು, ಹಳದಿ ಬಣ್ಣ. ಅವಳಿಗೆ ಅದರಲ್ಲಿ ಎಷ್ಟು ತಿಳಿಯಿತೋ. ಕೇಳಿಸಿಕೊಂಡ ಮೇಲೆ ಮಾತು ತೆಗೆದಳು. ಮಾತಾಡುವಾಗ ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದಳು.

"ನೀವು ಆಮ್ಯಾಲೂ ಬಂದಿದ್ರಲ್ರಿ ಸಾಹೇಬ್ರ, ಯಲಬುರ್ಗಾಕ. ನಾ ಬಾಗಲ ಮಟಾ ಬಂದಿದ್ದೆ. ಫ್ಯಾನ್ ಇನ್ನೂ ಬರ್ಲಿಲ್ಲಲ್ರಿ ಅಂತ ಕೇಳಬೇಕಂತ."

"ಕೇಳಬೇಕಿತ್ತಲ್ಲವಾ!"

"ಹ್ಯಾಂಗ ಕೇಳ್ಲಿ? ಒಂದ್ ಸಲ ಹೇಳೀನಿ. ದೊಡ್ಡಾವ್ರಿಗೆ ಮತ್ತ ಮತ್ತ ಹೇಳಿದ್ರ ಛಲೋ ಕಾಣತೈತೇನ್ರಿ? ಈಕಿಗೆ ನನ್ನ ಮ್ಯಾಲೆ ಭರೋಸಾನ ಇಲ್ಲ ಅಂತ ನೀವು ತಿಳ್ಕೊಂಡ್ರ? ಅದಕ ಸಲಾಂ ಮಾಡಿ ಒಳಗ ಹೋಗತಿದ್ದೆ."

ಅವರ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. ಮರ್ಯಾದೆಗೆಂದು ನಾವು ಕಾಕಾರನ್ನು ಕೂರಿಸಿದ ಕುರ್ಚಿಯಲ್ಲೇ ಈ ಹೆಣ್ಣುಮಗಳು ಇವರನ್ನೂ ಕೂರಿಸಿದ್ದಳು, ಅದು ಇವರಿಗೆ ಗೊತ್ತೇ ಇರಲಿಲ್ಲ. ಕಪ್ಪು ಕೆಳಗಿಟ್ಟರು.

"ಇನ್ನ ಮ್ಯಾಲೆ ನನ್ನ ಬೈಯವಾ, ಖಾಜಾಬಿ. ಹೆಸರು ಹಿಡದು ಬೈ," ಅಂದರು.

"ಯಾ ಅಲ್ಲಾ! ನಿಮ್ಮನ್ನ ಬೈಲೇನ್ರಿ ಸಾಹೇಬ್ರ?" ಎಂದು ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಸೊಸೆ ಓಡಿ ಬಂದು ಬೆನ್ನು ತಿಕ್ಕತೊಡಗಿದಳು. ಕೆಮ್ಮು ನಿಲ್ಲಲಿಲ್ಲ. ನೋಡಲಾಗದೆ ನಾನು ಎದ್ದು ಹೊರಗೆ ಹೋಗಲು ನೋಡಿದೆ.

"ಕುಂದ್ರವಾ," ಅಂದರು ಅವರು, ಅವಳ ಮೇಲಿಂದ ಕಣ್ಣು ತೆಗೆಯದೆ. "ಇದನ್ನ ಪೂರಾ ಕೇಳಬೇಕು."